ದಕ್ಕೆಯ ನೀರ ಮೇಲೆ ಎರಡೂವರೆ ಎಕರೆ

ಮಂಗಳೂರಿನ ಹಳೇ ಬಂದರಿಗೆ ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು, ಐಸ್ ನೀರು ಸುರಿಸಿಕೊಂಡು ಬರುವ ಮೀನಿನ ಟೆಂಪೊಗಳಿಗೆ ಎದುರಾಗಿ ನಡೆದರೆ ಸಾಕು, ದಕ್ಕೆ ಬಂದುಬಿಡುತ್ತದೆ. ಬಂದರು ಎಂದರೆ ಸಮುದ್ರದಂಡೆ ಎಂದುಕೊಂಡು ಬರುವ ನಮ್ಮಂಥ ಬಯಲುಸೀಮೆಯವರಿಗೆ ಇಲ್ಲಿ ಕಣ್ಣಿಗೆ ಬೀಳುವುದು ಹೊಳೆ. ಇದು ಫಲ್ಗುಣಿ, ಹಳಬರ ಬಾಯಲ್ಲಿ ಗುರುಪುರ ಹೊಳೆ. ಎದುರು ದಂಡೆಯಲ್ಲಿ ಕಾಣುವ ತೆಂಗಿನ ಸಾಲು ಬೆಂಗ್ರೆಯದು. ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿ ಅದು. ಅದರ ತುದಿಯಲ್ಲಿ ನೇತ್ರಾವತಿಯೂ ಬಂದು ಸೇರಿ ಎರಡು ಹೊಳೆಗಳು ಒಟ್ಟಿಗೆ ಕಡಲಿಗೆ ಬೀಳುವ ಜಾಗವೇ ಅಳಿವೆ ಬಾಗಿಲು. ದಕ್ಕೆಗೆ ಒತ್ತೊತ್ತಾಗಿ ಕಟ್ಟಿದ ನೂರಾರು ಬೋಟುಗಳು ನಿಂತಿರುವುದು ಹೊಳೆಯಲ್ಲಿ. ಅವುಗಳಿಂದ ಎಣ್ಣೆ ಸೋರಿದರೆ ಅದು ಬೀಳುವುದೂ ಹೊಳೆಗೇ.

ನಾನು ಚಾಮರಾಜನಗರದ ಚಂದಕವಾಡಿಯವನು. ನಮ್ಮ ಸುವರ್ಣಾವತಿಯಲ್ಲಿ ಇಂಜಿನ್ ಬೋಟು ಓಡುವುದಿಲ್ಲ. ದಂಡೆಯ ಪಂಪ್‌ಸೆಟ್ಟಿನಿಂದ ಡೀಸೆಲ್ ತೊಟ್ಟಿಕ್ಕಿದರೆ ಅದೇ ನಮ್ಮ ತೈಲ ಸೋರಿಕೆ. ಆ ಬಗ್ಗೆ ಊರಲ್ಲಿ ಮಾತೆತ್ತಿದರೆ ಸೋದರಮಾವ, ‘ನೀರು ಹರ್ಕಂಡು ಹೋಯ್ತದ ಬುಡು’ ಎಂದು ಮುಗಿಸಿಬಿಡುತ್ತಾರೆ. ಹರಿದುಹೋದದ್ದು ಎಲ್ಲಿ ಸೇರುತ್ತದೆ, ಸೇರುವ ಮೊದಲೇ ತಡೆಯುವ ಬಗೆ ಏನು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದಾದರೆ ದಿನವೂ ಡೀಸೆಲ್ ಕುಡಿಯುವ ಬೋಟುಗಳಿರುವ ಹೊಳೆಗೇ ಹೋಗಬೇಕು.

ದಕ್ಕೆಯ ಅಂಚಿನಲ್ಲಿ ನಿಂತು ಎರಡು ಬೋಟುಗಳ ನಡುವಿನ ಸಂದಿಯನ್ನು ಬಗ್ಗಿ ನೋಡಿದೆ. ಥರ್ಮೋಕೋಲಿನ ಚೂರು, ತೇಲುವ ಬಾಟಲಿ, ಬೂತಾಯಿ ಮೀನಿನ ಹುರುಪೆ, ಇವೆಲ್ಲದರ ನಡುವೆ ಕಾಮನಬಿಲ್ಲಿನ ಬಣ್ಣದ ಪೊರೆ. ಮೇಲಿನಿಂದ ಹಗ್ಗದ ತುದಿಯೊಂದು ನೀರಿಗೆ ಬಿತ್ತು. ಪೊರೆ ಹರಿದು ಬದಿಗೆ ಸರಿಯಿತು, ಹಗ್ಗ ಎಳೆದುಕೊಂಡೊಡನೆ ಮತ್ತೆ ಕೂಡಿಕೊಂಡಿತು. ಅಷ್ಟರಲ್ಲಿ ಪಕ್ಕದ ಟ್ರಾಲ್ ಬೋಟಿನ ಪಕ್ಕೆಯ ಕೊಳವೆ ಕೆಮ್ಮಿ ನೀರು ಕಾರತೊಡಗಿತು. ಮೊದಲು ಬೂದಿ ಬಣ್ಣ, ಆಮೇಲೆ ಕಪ್ಪು, ಕೊನೆಗೆ ತೆಳು ಕಂದು.

‘ಎಣ್ಣೆ ಬಿಡ್ತಾ ಇದ್ದೀರಲ್ಲಣ್ಣ?’ ಎಂದೆ.

ಬೋಟು ನಡೆಸುವ ತಾಂಡೇಲ ನಕ್ಕರು. ‘ಎಣ್ಣೆ ಅಲ್ಲ ಮಾರಾಯ್ರೆ, ಅಡಿ ನೀರು. ಎಣ್ಣೆಗೆ ದುಡ್ಡು ಉಂಟು, ಅದನ್ನು ಯಾರಾದ್ರೂ ಬಿಡ್ತಾರಾ?’

ಆ ಮಾತಿನ ಕಡೆಯ ಅರ್ಧದಲ್ಲೇ ಇಡೀ ಸಮಸ್ಯೆ ಇದೆ. ಫ್ಯಾನು ತಿರುಗಿಸುವ ಶಾಫ್ಟು ಬೋಟಿನ ಹಿಂಬದಿಯನ್ನು ತೂರಿಕೊಂಡು ಹೊರಗೆ ಹೋಗುತ್ತದಲ್ಲ, ಆ ತೂತಿನಿಂದ ಸ್ವಲ್ಪ ನೀರು ಒಳಗೆ ಜಿನುಗುತ್ತಲೇ ಇರುತ್ತದೆ. ಇಂಜಿನ್ನಿನಿಂದ ಆಯಿಲ್ ತೊಟ್ಟಿಕ್ಕುತ್ತದೆ, ಫಿಲ್ಟರ್ ಬಿಚ್ಚಿದಾಗ ಡೀಸೆಲ್ ಚೆಲ್ಲುತ್ತದೆ. ಎಲ್ಲವೂ ಬೋಟಿನ ತಳದಲ್ಲಿ ಕಲೆತು ನಿಂತದ್ದೇ ಅಡಿ ನೀರು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳು ಕಟ್ಟಿದಲ್ಲೇ ನಿಂತಿರುತ್ತವೆ, ಆದರೆ ಕರಾವಳಿಯ ಮಳೆ ನಿಲ್ಲುವುದಿಲ್ಲ. ಆಗ ತಳ ತುಂಬುವುದು ಇನ್ನೂ ಬೇಗ, ಪಂಪು ಹಾಕುವುದೂ ಹೆಚ್ಚು. ಇಂಜಿನ್ನಿನಿಂದ ಇಳಿಸಿದ ಹಳೇ ಆಯಿಲನ್ನು ಕ್ಯಾನಿನಲ್ಲಿ ತುಂಬಿಟ್ಟರೆ ಕೊಳ್ಳುವವರಿದ್ದಾರೆ. ಅದೇ ಆಯಿಲ್ ನೀರಿನೊಂದಿಗೆ ಬೆರೆತರೆ ಮೂರು ಕಾಸಿಗೂ ಯಾರಿಗೂ ಬೇಡ. ಬೇಡವಾದದ್ದು ಹೊಳೆಗೆ.

ಎಷ್ಟು ಮಹಾ ಎನ್ನುವವರಿಗೆ ನಮ್ಮೂರಿನ ಅಳತೆಯಲ್ಲೇ ಲೆಕ್ಕ ಹೇಳುತ್ತೇನೆ. ನೀರಿನ ಮೇಲೆ ಬೆಳ್ಳಿಯಂತೆ ಹೊಳೆಯುವ ತೆಳು ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಅಷ್ಟು ತೆಳುವಾಗಿ ಹರಡಿದರೆ ಒಂದು ಲೀಟರ್ ಡೀಸೆಲ್ ಹತ್ತು ಸಾವಿರ ಚದರ ಮೀಟರ್ ಮುಚ್ಚುತ್ತದೆ. ಅಂದರೆ ಸುಮಾರು ಎರಡೂವರೆ ಎಕರೆ. ಕಾಮನಬಿಲ್ಲಿನ ಬಣ್ಣ ಕಂಡರೆ ಪೊರೆ ಅದಕ್ಕಿಂತ ದಪ್ಪ. ಬಣ್ಣಗಳು ಹೋಗಿ ಕಪ್ಪೋ ಕಂದೋ ಕಂಡ ಜಾಗದಲ್ಲಿ ಮಾತ್ರ ಕೈಗೆ ಸಿಗುವಷ್ಟು ಎಣ್ಣೆ ಇರುತ್ತದೆ. ಬೆಳ್ಳಿ ಪೊರೆಯನ್ನು ಎತ್ತುವ ಯಂತ್ರ ಜಗತ್ತಿನಲ್ಲಿಲ್ಲ. ಡೀಸೆಲ್ ಆದರೆ ಬಿಸಿಲಿಗೂ ಗಾಳಿಗೂ ಅದರ ದೊಡ್ಡ ಪಾಲು ಆವಿಯಾಗುತ್ತದೆ, ನಿಜ. ಆದರೆ ಆರುವ ಮೊದಲೇ ಮೀನಿನ ಮರಿಗಳಿಗೂ ಚಿಪ್ಪಿನ ಜೀವಿಗಳಿಗೂ ವಿಷವಾಗುವ ಗುಣ ಅಂಟುವ ದಪ್ಪ ಫರ್ನೇಸ್ ಆಯಿಲಿಗಿಂತ ಈ ತೆಳು ಡೀಸೆಲಿಗೇ ಹೆಚ್ಚು.

ಹಾಗಾದರೆ ಕಪ್ಪಾಗಿ ಕಾಣುವಾಗಲೇ ಏನು ಮಾಡಬೇಕು? ಮೊದಲ ಕೆಲಸ ನೀರಿನ ಮೇಲಲ್ಲ, ಬೋಟಿನ ಮೇಲೆ: ಪಂಪು ನಿಲ್ಲಿಸುವುದು, ವಾಲ್ವ್ ತಿರುಗಿಸುವುದು, ಒಡೆದ ಪೈಪಿಗೆ ಬೆಣೆ ಹೊಡೆಯುವುದು. ಇಷ್ಟು ಸರಳ ಸಂಗತಿಯನ್ನು ಬಿಟ್ಟು ಜನ ನೀರು ನೋಡುತ್ತ ನಿಲ್ಲುತ್ತಾರೆ. ಆಮೇಲೆ ಬೇಲಿ. ಬಂದರುಗಳಲ್ಲಿ ಬಳಸುವ ಬೂಮ್ ಎಂದರೆ ತೇಲುವ ಉದ್ದನೆಯ ಕೊಳವೆ, ಅದರ ಕೆಳಗೆ ನೀರಿನೊಳಕ್ಕೆ ಇಳಿಬಿದ್ದ ಪರದೆ. ಹೊಳೆಗೆ ಅಡ್ಡಲಾಗಿ ನೇರ ಕಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಹರಿವು ನಿಮಿಷಕ್ಕೆ ಇಪ್ಪತ್ತು ಮೀಟರ್ ದಾಟಿತೆಂದರೆ ಎಣ್ಣೆ ಪರದೆಯ ಕೆಳಗೆ ನುಸುಳಿ ಹೋಗುತ್ತದೆ. ಬಲ್ಲವರು ಓರೆಯಾಗಿ ಕಟ್ಟಿ, ಎಣ್ಣೆಯನ್ನು ನೀರು ನಿಂತಂತಿರುವ ದಂಡೆಗೆ ಜಾರಿಸಿ, ಅಲ್ಲಿ ಎತ್ತುತ್ತಾರೆ.

ಅದರಲ್ಲೂ ಫಲ್ಗುಣಿಯಂಥ ಹೊಳೆಯಲ್ಲಿ ಇನ್ನೊಂದು ಪೇಚಿದೆ. ನಮ್ಮ ಸುವರ್ಣಾವತಿಗೆ ಇರುವುದು ಒಂದೇ ದಿಕ್ಕು. ಇಲ್ಲಿ ದಿನಕ್ಕೆ ಎರಡು ಸಲ ಕಡಲು ಏರುತ್ತದೆ, ಹೊಳೆ ಹಿಂದಕ್ಕೆ ಹರಿಯುತ್ತದೆ. ಇಳಿತದಲ್ಲಿ ಚೆಲ್ಲಿದ್ದು ಅಳಿವೆಯ ಕಡೆ, ಏರಿಕೆಯಲ್ಲಿ ಚೆಲ್ಲಿದ್ದು ಕೂಳೂರು ಸೇತುವೆಯ ಕಡೆ. ಬೆಳಿಗ್ಗೆ ಕಟ್ಟಿದ ಬೇಲಿ ಮಧ್ಯಾಹ್ನಕ್ಕೆ ತಪ್ಪು ಮಗ್ಗುಲಲ್ಲಿರುತ್ತದೆ. ಮೇಲುಹೊಳೆಯ ಕಾಂಡ್ಲಾ ಗಿಡಗಳು ಉಸಿರಾಟಕ್ಕೆಂದು ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳಿಗೆ ಎಣ್ಣೆ ಮೆತ್ತಿಕೊಂಡರೆ ತೊಳೆಯುವ ದಾರಿಯಿಲ್ಲ. ತೊಳೆಯಲು ಹೋಗಿ ಕೆಸರು ತುಳಿದರೆ ಎಣ್ಣೆ ಇನ್ನೂ ಒಳಗಿಳಿಯುತ್ತದೆ.

ಬೇಲಿಯೊಳಗೆ ನಿಂತದ್ದನ್ನು ಎತ್ತಲು ಪಾಲಿಪ್ರೊಪಿಲಿನ್ ಹಾಳೆಗಳಿವೆ. ಎಣ್ಣೆಯನ್ನು ಹೀರುತ್ತವೆ, ನೀರನ್ನು ಒಲ್ಲೆ ಎನ್ನುತ್ತವೆ. ಅವು ಇಲ್ಲದ ಕಡೆ ಬಲೆಯೊಳಗೆ ತುಂಬಿದ ಒಣ ಹುಲ್ಲು, ತೆಂಗಿನ ನಾರು ನಡೆಯುತ್ತದೆ. ಆದರೆ ಅವು ನೀರನ್ನೂ ಕುಡಿಯುವುದರಿಂದ ಮುಳುಗುವ ಮೊದಲೇ ಎಳೆದುಕೊಳ್ಳಬೇಕು. ‘ಡೀಸೆಲ್ ಚೆಲ್ಲಿದರೆ ನಿಮ್ಮ ಹತ್ತಿರ ಏನುಂಟು?’ ಎಂದು ದಕ್ಕೆಯಲ್ಲಿ ಮೂರ್ನಾಲ್ಕು ಬೋಟಿನವರನ್ನು ವಿಚಾರಿಸಿದೆ. ಗೋಣಿ, ಮರದ ಹುಡಿ, ಸೋಪಿನ ಪುಡಿ ಎಂದರು. ಗೋಣಿಗೆ ನನ್ನ ತಕರಾರಿಲ್ಲ. ಸೋಪಿನ ಪುಡಿಗೆ ಇದೆ.

ಸೋಪು ಹಾಕಿದೊಡನೆ ಪೊರೆ ಮಾಯವಾಗುತ್ತದೆ, ನೋಡುವವರ ಬಾಯಿ ಮುಚ್ಚುತ್ತದೆ. ಎಣ್ಣೆ ಹೋಗಿರುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ನೀರಿನೊಳಕ್ಕೆ ಇಳಿದಿರುತ್ತದೆ. ಮೇಲೆ ತೇಲುತ್ತಿದ್ದಾಗ ಹಾಳೆ ಹಾಕಿ ಎತ್ತಬಹುದಿತ್ತು, ಈಗ ಯಾರಿಂದಲೂ ಆಗದು. ಆಳವಾದ ಕಡಲಿನಲ್ಲಿ, ದಡದಿಂದ ದೂರದಲ್ಲಿ, ಅನುಮತಿ ಪಡೆದು ಇಂಥ ಚದುರಿಸುವ ರಾಸಾಯನಿಕ ಬಳಸುವುದುಂಟು. ಹೊಳೆಯಲ್ಲಿ, ಅಳಿವೆಯಲ್ಲಿ ಬಳಸಬಾರದು. ಯಾಕೆಂದು ತಿಳಿಯಬೇಕಾದರೆ ಬೆಂಗ್ರೆಯ ಫೆರಿ ಹತ್ತಬೇಕು.

ಫೆರಿಯಲ್ಲಿ ನನ್ನ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸು ಮರುವಾಯಿ ಮಾರುವವರು. ಅಳಿವೆಯ ಮರಳಲ್ಲಿ ಹೂತು ಬದುಕುವ ಈ ಚಿಪ್ಪುಜೀವಿಯ ಊಟವೇ ಸುತ್ತಲಿನ ನೀರನ್ನು ಸೋಸುವುದು. ನೀರಿನೊಳಕ್ಕೆ ಇಳಿದ ಎಣ್ಣೆಯ ಹನಿಯೂ ಆ ಸೋಸಣಿಕೆಯಲ್ಲೇ ಹೋಗಿ ಮಾಂಸ ಸೇರುತ್ತದೆ. ‘ಎಣ್ಣೆ ಬಿದ್ದ ಜಾಗದ್ದು ಬೇಯಿಸಿದ್ರೆ ಗೊತ್ತಾಗ್ತದೆ, ಸೀಮೆಎಣ್ಣೆ ವಾಸನೆ. ಗಿರಾಕಿ ಎರಡನೇ ಸಲ ತಗೊಳ್ಳುದಿಲ್ಲ’ ಎಂದರು. ಈ ನಷ್ಟ ಯಾವ ಕಡತದಲ್ಲೂ ಬರುವುದಿಲ್ಲ.

ಕಡತಗಳಲ್ಲಿ ಬರುವುದು ಟನ್ನು. ಭಾರತದ ತೈಲ ಸೋರಿಕೆ ವಿಪತ್ತು ಯೋಜನೆ 1996ರಲ್ಲಿ ಜಾರಿಗೆ ಬಂತು. ಅದರ ಹೊಣೆ ಕೋಸ್ಟ್ ಗಾರ್ಡಿನದು. 700 ಟನ್ನಿನವರೆಗೆ ಮೊದಲ ಹಂತ, ಅಲ್ಲಿಂದ 10,000 ಟನ್ನಿನವರೆಗೆ ಎರಡನೆಯದು, ಅದರಾಚೆ ಮೂರನೆಯದು. ಮೊದಲ ಹಂತವೆಂದರೆ ಸ್ಥಳೀಯರೇ ನಿಭಾಯಿಸಬೇಕಾದ ಸೋರಿಕೆ. ಇದನ್ನು ಒಂದು ನಿಜವಾದ ಹೊಳೆಗೆ ಹಿಡಿದು ನೋಡೋಣ. 2014ರ ಡಿಸೆಂಬರ್ 9ರಂದು ಬಾಂಗ್ಲಾದೇಶದ ಸುಂದರಬನದಲ್ಲಿ, ಶೇಲಾ ನದಿಯಲ್ಲಿ ಲಂಗರು ಹಾಕಿ ನಿಂತಿದ್ದ ‘ಸದರ್ನ್ ಸ್ಟಾರ್ 7’ ಎಂಬ ತೈಲ ಹಡಗಿಗೆ ಮಂಜಿನಲ್ಲಿ ಇನ್ನೊಂದು ಹಡಗು ಗುದ್ದಿತು. ಸುಮಾರು ಮೂರೂವರೆ ಲಕ್ಷ ಲೀಟರ್ ಫರ್ನೇಸ್ ಆಯಿಲ್ ಕಾಂಡ್ಲಾ ಕಾಡಿನ ನಡುವಿನ ಹೊಳೆಗೆ ಚೆಲ್ಲಿತು. ಜಗತ್ತೆಲ್ಲ ಸುದ್ದಿಯಾದ, ವಿಶ್ವಸಂಸ್ಥೆಯ ತಂಡವೇ ಬಂದು ನೋಡಿದ ಆ ಸೋರಿಕೆ ನಮ್ಮ ಪಟ್ಟಿಯ ಪ್ರಕಾರ ಮೊದಲ ಹಂತದ್ದು! 2022ರ ಜೂನಿನಲ್ಲಿ ಉಳ್ಳಾಲದ ಬಟ್ಟಪ್ಪಾಡಿ ಎದುರು ಮುಳುಗಿದ ‘ಪ್ರಿನ್ಸೆಸ್ ಮಿರಾಲ್’ ಹಡಗಿನಲ್ಲಿ ಇದ್ದದ್ದು ಸುಮಾರು 220 ಟನ್ ಇಂಧನ. ಅಳಿವೆ ಬಾಗಿಲಿಗೆ ಅಷ್ಟು ಹತ್ತಿರ. ಕೋಸ್ಟ್ ಗಾರ್ಡ್ ಹದಿನೈದು ಸಿರಿಯನ್ ನಾವಿಕರನ್ನು ಉಳಿಸಿತು, ಮಾಲಿನ್ಯ ತಡೆಯುವ ಹಡಗನ್ನೂ ಕರೆಸಿತು. ಆ ಟ್ಯಾಂಕು ಪೂರ್ತಿ ಖಾಲಿಯಾಗಿದ್ದರೂ ಅದು ಮೊದಲ ಹಂತವೇ ಆಗುತ್ತಿತ್ತು. ಇಂಥ ಅಳತೆಗೋಲಿನ ಮುಂದೆ ತಾಂಡೇಲರ ಬೋಟಿನ ಅಡಿ ನೀರು ಎಲ್ಲಿ ನಿಂತೀತು? ದೊಡ್ಡ ಹಡಗುಗಳ ಅಂತಾರಾಷ್ಟ್ರೀಯ ನಿಯಮವೂ ಹಾಗೆಯೇ. ಹೊರಬಿಡುವ ನೀರಿನ ಹತ್ತು ಲಕ್ಷ ಪಾಲಿನಲ್ಲಿ ಎಣ್ಣೆ ಹದಿನೈದು ಪಾಲು ಮೀರಬಾರದು. ಆದರೆ ಅದಕ್ಕೆ ಬೇಕಾದ ಸೋಸುವ ಯಂತ್ರ ಕಡ್ಡಾಯವಾಗುವುದು 400 ಟನ್ನೇಜಿನಿಂದ ಮೇಲಿನ ಹಡಗುಗಳಿಗೆ. ಮೀನಿನ ಬೋಟುಗಳು ಅದರ ಹತ್ತಿರಕ್ಕೂ ಬರುವುದಿಲ್ಲ.

2016ರ ಕಾಯ್ದೆ ಗುರುಪುರ ಹೊಳೆಯನ್ನು 43ನೇ, ನೇತ್ರಾವತಿಯನ್ನು 74ನೇ, ನಮ್ಮ ಪಕ್ಕದ ಕಬಿನಿಯನ್ನು 51ನೇ ರಾಷ್ಟ್ರೀಯ ಜಲಮಾರ್ಗವೆಂದು ಹೆಸರಿಸಿದೆ. 2021ರ ಒಳನಾಡು ಹಡಗು ಕಾಯ್ದೆಯಲ್ಲಿ ಮಾಲಿನ್ಯ ತಡೆಗೆಂದೇ ಒಂದು ಅಧ್ಯಾಯವಿದೆ. ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ಇಲ್ಲದಿರುವುದು ದಕ್ಕೆಯ ಮೇಲೆ ಎಣ್ಣೆ ಹೀರುವ ಹಾಳೆಗಳ ಒಂದು ಪೆಟ್ಟಿಗೆ ಮತ್ತು ಅಡಿ ನೀರು ಸುರಿಯಲು ಒಂದು ತೊಟ್ಟಿ.

ಶೇಲಾ ನದಿಯ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಆಮೇಲಿನದು. ಅಲ್ಲಿಯ ಸರ್ಕಾರಿ ತೈಲ ಸಂಸ್ಥೆ ಹೊಳೆಯಿಂದ ಎತ್ತಿ ತಂದ ಎಣ್ಣೆಗೆ ಲೀಟರಿಗೆ 30 ಟಾಕಾ ಕೊಡುತ್ತೇನೆಂದು ಸಾರಿತು. ಮೀನುಗಾರರು, ಹೆಂಗಸರು, ಮಕ್ಕಳು ಸ್ಪಂಜು, ಪಾತ್ರೆ, ಬಲೆ ಹಿಡಿದು ಹೊಳೆಗಿಳಿದು ಸುಮಾರು 68,000 ಲೀಟರ್ ಎತ್ತಿದರು. ಚೆಲ್ಲಿದ್ದರ ಐದನೇ ಒಂದು ಪಾಲು. ಕೈಗವಸಿಲ್ಲ, ಮುಖಕ್ಕೆ ಬಟ್ಟೆಯಿಲ್ಲ; ಮಕ್ಕಳನ್ನು ಆ ಕೆಲಸಕ್ಕೆ ಬಿಟ್ಟದ್ದು ಕ್ಷಮಿಸುವ ಮಾತಲ್ಲ. ಆದರೂ ಒಂದು ಸಂಗತಿ ರುಜುವಾತಾಯಿತು: ಎಣ್ಣೆಗೆ ಬೆಲೆ ಬಂದರೆ ಅದು ನೀರಿನಲ್ಲಿ ಅನಾಥವಾಗಿ ತೇಲುವುದಿಲ್ಲ. ಆ ಬೆಲೆಯನ್ನು ಚೆಲ್ಲಿದ ಮೇಲೆ ಕೊಡುವ ಬದಲು ಚೆಲ್ಲುವ ಮೊದಲೇ ಕೊಟ್ಟರಾಯಿತು. ದಕ್ಕೆಯಲ್ಲಿ ಡೀಸೆಲ್ ಹಾಕುವ ಕಡೆಯೇ ಒಂದು ತೊಟ್ಟಿ ಇಟ್ಟು, ಅಡಿ ನೀರನ್ನು ಹೀರಿಕೊಂಡು, ಅದರ ಮೇಲೆ ತೇಲುವ ಎಣ್ಣೆಯ ಲೆಕ್ಕಕ್ಕೆ ಬೋಟಿನವರ ಡೀಸೆಲ್ ಬಿಲ್ಲಿನಲ್ಲಿ ನಾಲ್ಕು ಕಾಸು ಕಳೆಯಲಿ. ನಿಂತ ನೀರಿನಲ್ಲಿ ಎಣ್ಣೆ ತಾನಾಗಿ ಮೇಲೆ ಬರುತ್ತದೆ, ಬೇರ್ಪಡಿಸಲು ದೊಡ್ಡ ವಿದ್ಯೆ ಬೇಕಿಲ್ಲ. ದಂಡ ಹಾಕಿದರೆ ರಾತ್ರಿ ಕತ್ತಲಲ್ಲಿ ಪಂಪು ಓಡುತ್ತದೆ, ಅಷ್ಟೆ.

ಇನ್ನು ನಮ್ಮೂರಿನ ಮಾತು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿ ಅಟ್ಟುಗುಳಿಪುರದ ಸುವರ್ಣಾವತಿ ಜಲಾಶಯದ ಮಗ್ಗುಲಲ್ಲೇ ಸಾಗುತ್ತದೆ. ಅದರ ಮೇಲೆ ಟ್ಯಾಂಕರುಗಳು ಓಡುತ್ತವೆ, ಹೊಳೆಯ ದಂಡೆಯಲ್ಲಿ ಪಂಪುಗಳಿವೆ. ಕಾಲುವೆಗೆ ಡೀಸೆಲ್ ಬಿದ್ದರೆ ಬೂಮ್‌ಗಾಗಿ ಪಣಂಬೂರಿನ ಬಂದರಿನ ಕಡೆ ನೋಡುತ್ತ ಕೂರಬೇಕಿಲ್ಲ. ಕೆಳಗಡೆ ಒಂದು ಕಡೆ ಮಣ್ಣಿನ ಒಡ್ಡು ಹಾಕಿ, ಅದರೊಳಗೆ ಓರೆಯಾಗಿ ಪೈಪು ಕೂರಿಸಬೇಕು. ಎಣ್ಣೆ ಬರುವ ಮಗ್ಗುಲಲ್ಲಿ ಪೈಪಿನ ಬಾಯಿ ತಳದಲ್ಲಿರಲಿ, ಹೊರಗಿನ ಬಾಯಿ ಮೇಲಕ್ಕಿರಲಿ. ನೀರು ಅಡಿಯಿಂದ ಹೊಕ್ಕು ಆಚೆ ಹರಿಯುತ್ತದೆ, ತೇಲುವ ಡೀಸೆಲ್ ಒಡ್ಡಿನ ಹಿಂದೆ ನಿಲ್ಲುತ್ತದೆ. ಅದರ ಮೇಲೆ ಬಲೆ ತುಂಬ ಒಣ ಹುಲ್ಲು ಹಾಸಿ ಎತ್ತಬಹುದು. ಎತ್ತಿದ ಹುಲ್ಲನ್ನು ಗದ್ದೆಯ ಬದುವಿನಲ್ಲಿ ಸುಡಬೇಡಿ, ತಿಪ್ಪೆಗೂ ಹಾಕಬೇಡಿ. ಡ್ರಮ್ಮಿನಲ್ಲಿ ಮುಚ್ಚಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ ತಿಳಿಸಿ. ಹತ್ತಿರ ಬೀಡಿ ಸೇದುವವರನ್ನು ಮೊದಲು ದೂರ ಕಳಿಸಿ.

ಅಳಿವೆಯಲ್ಲೋ ಕಡಲಿನಲ್ಲೋ ಎಣ್ಣೆ ಕಂಡರೆ ಕೋಸ್ಟ್ ಗಾರ್ಡಿನ ಸಂಖ್ಯೆ 1554, ಒಳನಾಡಿನ ಹೊಳೆ ಕೆರೆಗಳಲ್ಲಾದರೆ 112. ಎರಡಕ್ಕೂ ದುಡ್ಡು ಬೀಳುವುದಿಲ್ಲ. ಯಾವ ಜಾಗ, ಎಷ್ಟು ಗಂಟೆಗೆ ಕಂಡಿರಿ, ಪೊರೆ ಯಾವ ಬಣ್ಣದ್ದು, ನೀರು ಯಾವ ಕಡೆ ಹರಿಯುತ್ತಿದೆ ಎಂದು ನೋಡಿಕೊಂಡು ಫೋನ್ ಮಾಡಿ. ಸೋಪಿನ ಪುಡಿಯ ಪೊಟ್ಟಣ ಮನೆಯಲ್ಲೇ ಇರಲಿ.