ಕಬ್ಬಿನೊಳಗಿನ ನೆರೆಯವಳು

ಶ್ರಾವಣವು ಮುಗಿದು ಭಾದ್ರಪದವು ಕಾಲಿಡುವ ಹೊತ್ತಿಗೆ ತುಕ್ಕಾನಟ್ಟಿಯ ತೋಟಪಟ್ಟಿಯಲ್ಲಿ ನಿಂತ ಪರಸ್ಥಳದವನಿಗೆ ದಿಕ್ಕೇ ತಿಳಿಯದು. ಎತ್ತ ನೋಡಿದರೂ ಆಳೆತ್ತರವನ್ನು ಮೀರಿದ ಕಬ್ಬು. ಈ ಸೀಮೆಯಲ್ಲಿ ಅನೇಕ ಕುಟುಂಬಗಳು ತೋಟದಲ್ಲಿಯೇ ಮನೆ ಕಟ್ಟಿಕೊಂಡಿರುವುದರಿಂದ, ಅಡಿಗೆಮನೆಯ ಹಿಂಬಾಗಿಲಿನಿಂದ ಹತ್ತು ಮಾರು ನಡೆದರೆ ಕಬ್ಬಿನ ಸಾಲು ಆರಂಭವಾಗುವುದು. ಇಂಥದೊಂದು ಬಂಧುಗಳ ಮನೆಯಲ್ಲಿ ನಾವು ಎರಡು ದಿನ ಅತಿಥಿಗಳಾಗಿದ್ದೆವು. ಎರಡನೆಯ ದಿನ ಬೆಳಿಗ್ಗೆ ನೀರ್ಗಾಲುವೆಯ ಕೆಸರಿನಲ್ಲಿ ದೊಡ್ಡದೊಂದು ಹೆಜ್ಜೆಯು ಕಾಣಲು, ಮನೆಯವರೆಲ್ಲರೂ ಗಾಬರಿಗೊಂಡು ಹುಡುಗರನ್ನು ಒಳಗೆ ಕರೆದುಕೊಂಡರು. ಬಗ್ಗಿ ನೋಡಲಾಗಿ ಬೆರಳುಗಳ ಮುಂದೆ ಉಗುರಿನ ಗುರುತುಗಳು ಸ್ಪಷ್ಟವಾಗಿದ್ದವು. ಚಿರತೆಯು ನಡೆಯುವಾಗ ಉಗುರುಗಳನ್ನು ಒಳಗೆಳೆದುಕೊಂಡಿರುವುದು. ನಾಯಿಗೆ ಆ ವಿದ್ಯೆಯಿಲ್ಲ. ಹೀಗಾಗಿ ಅದು ನೆರೆಮನೆಯ ನಾಯಿಯ ಹೆಜ್ಜೆಯೆಂದು ನಿರ್ಣಯವಾಯಿತು. ಆದರೆ ಆ ಮನೆಯ ಅಜ್ಜಿಯವರಿಗೆ ಸಮಾಧಾನವಾಗಲಿಲ್ಲ. “ಅಡವ್ಯಾಗ ಇರೂ ಪ್ರಾಣಿ ಅದು, ತಮ್ಮಾ. ದಾರಿ ತಪ್ಪಿ ಕಬ್ಬಿನ್ಯಾಗ ಯಾಕ ಬರತೈತಿ?” ಎಂದು ಅವರು ಕೇಳಿದರು.

ಅಜ್ಜಿಯವರ ಈ ಪ್ರಶ್ನೆಯನ್ನೇ ಸರಕಾರವೂ ವಿದ್ವಾಂಸರೂ ಬಹುಕಾಲ ಕೇಳಿಕೊಂಡರು. ಉತ್ತರವು ದೊರೆತುದು ಚಿರತೆಯನ್ನು ಹಿಡಿದವರಿಂದಲ್ಲ, ಅದರ ಹಿಂದೆ ವರ್ಷಗಟ್ಟಲೆ ತಾಳ್ಮೆಯಿಂದ ತಿರುಗಿದವರಿಂದ. ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಎಂಬ ರಕ್ಷಿತಾರಣ್ಯದ ಲೊಂಡೊಲೋಜಿ ಪ್ರದೇಶದಲ್ಲಿ 1979 ರಿಂದ ಒಂದು ಹೆಣ್ಣು ಚಿರತೆಯ ಜೀವನವನ್ನು ಬೆನ್ನುಹತ್ತಿದರು. ಮುಂದೆ ಅವಳ ಸಂತತಿಯನ್ನೂ ಬಿಡಲಿಲ್ಲ. ಮನುಷ್ಯರ ಬೆರಳಚ್ಚಿನಂತೆ ಚಿರತೆಗಳ ಮಚ್ಚೆಗಳೂ ಒಂದರಂತೊಂದು ಇರುವುದಿಲ್ಲ. ಮೀಸೆಯ ಮೇಲಿನ ಚುಕ್ಕೆಗಳನ್ನು ಎಣಿಸಿಯೇ ಇವಳಾರು, ಇವಳ ತಾಯಿಯಾರು ಎಂದು ಅಲ್ಲಿಯವರು ಹೇಳಬಲ್ಲರು. ಈ ಪ್ರಾಣಿಯ ಗೃಹಕೃತ್ಯವು ಬೆಳಕಿಗೆ ಬಂದುದು ಇಂಥ ವೀಕ್ಷಣೆಯಿಂದಲೇ. ಸುಮಾರು ಮೂರು ತಿಂಗಳು ಗರ್ಭವನ್ನು ಹೊತ್ತು ತಾಯಿಯು ಎರಡು ಮೂರು ಮರಿಗಳನ್ನೀಯುವಳು. ಸುಳಿವು ಸಿಕ್ಕೀತೆಂಬ ಭಯದಿಂದ ಬಾಯಲ್ಲಿ ಕಚ್ಚಿಕೊಂಡು ಅವುಗಳ ಠಾವನ್ನು ಬದಲಿಸುತ್ತಿರುವಳು. ಒಂದೂವರೆ ಎರಡು ವರ್ಷಗಳವರೆಗೆ ಒಬ್ಬಳೇ ಸಾಕುವಳು. ತಂದೆಯ ನೆರವು ಇಲ್ಲವೆಂದೇ ಹೇಳಬೇಕು. ಪರರ ಗಂಡಾದರೋ ಮರಿಗಳನ್ನು ಕೊಂದುಬಿಡುವುದೂ ಉಂಟು. ಬೆಳೆದ ಮಗಳು ಅನೇಕ ವೇಳೆ ತವರಿನ ಮಗ್ಗುಲಲ್ಲಿಯೇ ನೆಲೆಸುವಳು. ಮಗನು ದೂರ ಹೋಗುವನು.

ಅದು ಆಫ್ರಿಕಾದ ಅಡವಿಯ ಮಾತಾಯಿತು, ನಮ್ಮ ಕಬ್ಬಿಗೂ ಅದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನೆರೆಯ ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ಅಕೋಲೆಯು ನಮ್ಮ ಮೂಡಲಗಿ ಗೋಕಾವಿಗಳಂತೆಯೇ ಕಬ್ಬಿನ ನಾಡು. ಅಲ್ಲಿ ವಿದ್ಯಾ ಅತ್ರೇಯ ಎಂಬ ವಿದುಷಿಯು ತಮ್ಮ ಸಂಗಡಿಗರೊಡನೆ ಅಭ್ಯಾಸ ನಡೆಯಿಸಿ, ನೂರು ಚದರ ಕಿಲೋಮೀಟರಿಗೆ ಸುಮಾರು 5 ಪ್ರಾಯದ ಚಿರತೆಗಳು ವಾಸವಾಗಿರುವವೆಂದು 2013 ರಲ್ಲಿ ಪ್ರಕಟಿಸಿದರು. ಅಷ್ಟೇ ನೆಲದಲ್ಲಿ ಮನುಷ್ಯರ ಎಣಿಕೆಯು ಸಾವಿರಾರು! ಕೊರಳಿಗೆ ಯಂತ್ರದ ಪಟ್ಟಿಯನ್ನು ಕಟ್ಟಿ ನೋಡಿದಾಗ, ಅವು ಹಗಲೆಲ್ಲ ಬೆಳೆಯೊಳಗೆ ಮಲಗಿ, ರಾತ್ರಿ ಮನೆಗಳ ಗೋಡೆಯ ಸಮೀಪದವರೆಗೂ ಬಂದು ಸದ್ದಿಲ್ಲದೆ ಮರಳುತ್ತಿದ್ದವು. ಆಹಾರದಲ್ಲಿ ದೊಡ್ಡ ಪಾಲು ಬೀದಿನಾಯಿಗಳದು. ಆದುದರಿಂದ ಅಜ್ಜಿಯವರ ಪ್ರಶ್ನೆಗೆ ಉತ್ತರವಿಷ್ಟೆ: ಅದು ದಾರಿ ತಪ್ಪಿ ಬಂದುದಲ್ಲ. ಕಬ್ಬಿನಲ್ಲಿ ಹುಟ್ಟಿ, ಕಬ್ಬಿನಲ್ಲಿ ಬೆಳೆದು, ಅಡವಿಯ ಮುಖವನ್ನೇ ಕಾಣದ ಚಿರತೆಗಳೂ ಇರುವವು.

ಹಾಗಾದರೆ ಹಿಡಿದು ಅಡವಿಗೆ ಬಿಟ್ಟರಾಯಿತಲ್ಲವೆ? ನಮಗೂ ಮೊದಲು ಹಾಗೆಯೇ ತೋರಿತ್ತು. ಪುಣೆ ಜಿಲ್ಲೆಯ ಜುನ್ನರದಲ್ಲಿ 2001 ರಿಂದ 2003 ರವರೆಗೆ ಹೀಗೆಯೇ ಮಾಡಿ ನೋಡಿದರು. ಫಲವು ವಿಪರೀತವಾಯಿತು. ವರ್ಷಕ್ಕೆ ಸರಾಸರಿ 4 ರಷ್ಟಿದ್ದ ಮನುಷ್ಯರ ಮೇಲಿನ ದಾಳಿಗಳು 17 ಕ್ಕೆ ಏರಿದವು. ನೆಲೆ ತಪ್ಪಿದ ಪ್ರಾಣಿಯು ಪರರ ಸೀಮೆಯಲ್ಲಿ ನಿಲ್ಲದು. 2009 ರಲ್ಲಿ ಬಾವಿಯೊಂದರಲ್ಲಿ ಬಿದ್ದಿದ್ದ ಮುದಿ ಗಂಡೊಂದನ್ನು ಮೇಲೆತ್ತಿ, ‘ಆಜೋಬಾ’, ಅಂದರೆ ಅಜ್ಜ, ಎಂದು ಹೆಸರಿಟ್ಟು, ಮಾಳಶೇಜ ಘಾಟಿನಲ್ಲಿ ಬಿಟ್ಟರು. ಅಜ್ಜನು ಅಲ್ಲಿ ನಿಂತನೆ? ಹೆದ್ದಾರಿಯನ್ನು ದಾಟಿ, ಖಾಡಿಯನ್ನು ಈಜಿ, ಸುಮಾರು 25 ದಿನಗಳಲ್ಲಿ 120 ಕಿಲೋಮೀಟರು ನಡೆದು ಮುಂಬಯಿಯ ಮಗ್ಗುಲಿನ ಅರಣ್ಯವನ್ನು ಸೇರಿಬಿಟ್ಟನು. ಅಷ್ಟು ದೂರದ ಪಯಣದಲ್ಲಿ ಒಬ್ಬ ಮನುಷ್ಯನ ಗೊಡವೆಗೂ ಹೋಗಲಿಲ್ಲ. 2011 ರ ಡಿಸೆಂಬರದಲ್ಲಿ ಮೋಟಾರು ಬಡಿದು ಸತ್ತನು.

ಬೆಳಗಾವಿಯವರಿಗೆ 2022 ರ ಆಗಸ್ಟು ನೆನಪಿರಬೇಕು. ಜಾಧವ ನಗರದಲ್ಲಿ ಚಿರತೆಯು ಕೂಲಿಕಾರನೊಬ್ಬನನ್ನು ಗಾಯಗೊಳಿಸಿ ಗಾಲ್ಫ್ ಮೈದಾನದ ಪೊದೆಗಳಲ್ಲಿ ಅಡಗಿತು. ಸುತ್ತಲಿನ 22 ಶಾಲೆಗಳಿಗೆ ರಜೆ ಸಾರಿದರು, ಬೋನುಗಳನ್ನಿಟ್ಟರು, ಶಿವಮೊಗ್ಗೆಯ ಸಕ್ರೆಬೈಲಿನಿಂದ ಆನೆಗಳನ್ನು ತರಿಸಿದರು. ಎಲ್ಲರ ಕಣ್ಣಿಗೂ ಮಣ್ಣೆರಚಿ ಚಿರತೆಯು ಕೊನೆಗೂ ಕೈಗೆ ಸಿಗಲಿಲ್ಲ.

ಇಷ್ಟರಿಂದ ಚಿರತೆಯು ಸಾಧುವೆಂದು ನಾವು ಹೇಳುತ್ತಿಲ್ಲ. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲೂಕಿನಲ್ಲಿ 2022 ರ ಕೊನೆಯಿಂದ 2023 ರ ಜನವರಿಯ ಒಳಗಾಗಿ 4 ಜನರು ಬಲಿಯಾದರು. ಅವರಲ್ಲಿ ಒಬ್ಬ ಬಾಲಕನೂ ಇದ್ದನು. ಆ ಮನೆಗಳ ದುಃಖದ ಮುಂದೆ ಯಾವ ಅಂಕಿಸಂಖ್ಯೆಯೂ ನಿಲ್ಲದು. ಅಂಕಿಸಂಖ್ಯೆಗಳಾದರೂ ಪೂರ್ಣವೆ? 2022 ರ ಗಣತಿಯ ಮೇರೆಗೆ ಕರ್ನಾಟಕದಲ್ಲಿ 1,879 ಚಿರತೆಗಳುಂಟು; ಆದರೆ ಅದು ಅರಣ್ಯಗಳ ಲೆಕ್ಕ. ಕಬ್ಬಿನಲ್ಲಿ ಬಾಳುವವುಗಳನ್ನು ಅದರಲ್ಲಿ ಎಣಿಸಿಲ್ಲ.

ಹೆಂಗಸರು ವಿಶೇಷವಾಗಿ ಗಮನಿಸತಕ್ಕ ಮಾತೊಂದಿದೆ. ಕಬ್ಬು ಕಡಿಯುವ ಕಾಲದಲ್ಲಿ ಗ್ಯಾಂಗಿನವರಿಗೆ ರವದಿಯೊಳಗೆ ಬೆಕ್ಕಿನ ಮರಿಗಳಂಥ ಮರಿಗಳು ದೊರೆಯುವುದುಂಟು. ಕನಿಕರದಿಂದ ಎತ್ತಿಕೊಂಡು ಬಂದು ಹಾಲೆರೆದರೆ ಅದು ಪುಣ್ಯವಲ್ಲ, ಅಪಾಯ. ತಾಯಿಯು ಹತ್ತಿರದಲ್ಲಿಯೇ ಇರುವಳು, ಮರಿ ಕಾಣದಿದ್ದರೆ ಕೆರಳುವಳು. ಜುನ್ನರದ ಕಡೆ ಇಂಥ ಮರಿಗಳನ್ನು ಅರಣ್ಯದವರು ಸಂಜೆಗೆ ಸಿಕ್ಕ ಸ್ಥಳದಲ್ಲಿಯೇ ಪೆಟ್ಟಿಗೆಯಲ್ಲಿರಿಸಿ ದೂರ ಸರಿಯುವರು. ಕತ್ತಲೆಯಾದ ಮೇಲೆ ತಾಯಿಯು ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋಗುವ ಚಿತ್ರಗಳನ್ನು ನಾವು ನೋಡಿದ್ದೇವೆ. ಕೊಂಚ ಹೊತ್ತು ಮಾತೇ ಹೊರಡಲಿಲ್ಲ.

ಇದನ್ನೆಲ್ಲ ಜಗುಲಿಯ ಮೇಲೆ ಕುಳಿತು ಹೇಳಿ ಮುಗಿಸುವಷ್ಟರಲ್ಲಿ ಕತ್ತಲಾಯಿತು. ಅಜ್ಜಿಯವರು ಏನೂ ಅನ್ನಲಿಲ್ಲ. ಎದ್ದು ಹೋಗಿ ಆಡುಗಳನ್ನು ಒಳಗೆ ಕೂಡಿ ತಟ್ಟಿಬಾಗಿಲಿಗೆ ಸರಪಳಿ ಹಾಕಿದರು; ಹಿತ್ತಲಲ್ಲಿ ಎಸೆದಿದ್ದ ಎಂಜಲಿಗೆ ನಾಯಿಗಳು ಕೂಡುವವೆಂದು ಸೊಸೆಯನ್ನು ಗದರಿದರು. ತ್ರೀ ಫೇಸ್ ವಿದ್ಯುತ್ತು ಅಂದು ರಾತ್ರಿ ಹನ್ನೊಂದಕ್ಕೆ ಬರುವುದಿತ್ತು. ಬೆಳೆಗೆ ನೀರು ಹಾಯಿಸದೆ ವಿಧಿಯಿಲ್ಲ. ಮಗನು ಬ್ಯಾಟರಿಯನ್ನೂ ಕೋಲನ್ನೂ ಹಿಡಿದು ಹೊರಟನು. “ಒಬ್ಬನ ಹೋಗಬ್ಯಾಡ, ತಮ್ಮನ್ನ ಕರಕೊಂಡ ಹೋಗು. ದಾರ್ಯಾಗ ಮಾತಾಡಕೋತ ಹೋಗ್ರಿ, ಅದಕ್ಕ ಕೇಳಸಲಿ” ಎಂದು ಅಜ್ಜಿಯವರು ಒಳಗಿನಿಂದ ಕೂಗಿದರು. ಅಣ್ಣತಮ್ಮಂದಿರ ಮಾತು ಕಬ್ಬಿನ ಸಾಲುಗಳ ನಡುವೆ ಬಹಳ ಹೊತ್ತು ನಮಗೆ ಕೇಳುತ್ತಿತ್ತು.