ಕತ್ತಿನಿಂದ ಬೆರಳಿಗಿಳಿಯುವ ನೋವಿಗೆ ನರ ಚಾಲನೆಯ ಚಿಕಿತ್ಸೆ

ಕತ್ತಿನಲ್ಲಿ ಹುಟ್ಟಿದ ನೋವು ಭುಜವನ್ನು ದಾಟಿ, ಮೊಣಕೈಯನ್ನು ಹಾದು, ಬೆರಳ ತುದಿಯಲ್ಲಿ ಜುಮುಜುಮು ಎನ್ನತೊಡಗಿದರೆ ಅದನ್ನು 'ದಿಂಬು ಸರಿಯಿರಲಿಲ್ಲ, ಕತ್ತು ಉಳುಕಿದೆ' ಎಂದು ತಳ್ಳಿಹಾಕುವಂತಿಲ್ಲ. ಅಲ್ಲಿ ನೋಯುತ್ತಿರುವುದು ಮಾಂಸಖಂಡವಲ್ಲದೆ ನರವೇ ಆಗಿರುವ ಸಾಧ್ಯತೆ ಹೆಚ್ಚು. ಇಂತಹ ನೋವಿಗೆ ಫಿಸಿಯೋಥೆರಪಿಸ್ಟರು ಬಳಸುವ ಒಂದು ವಿಧಾನವೇ 'ನರ್ವ್ ಮೊಬಿಲೈಸೇಶನ್', ಅಂದರೆ ನರಕ್ಕೆ ಚಾಲನೆ ನೀಡುವ ಚಿಕಿತ್ಸೆ.

ಆಡುಮಾತಿನಲ್ಲಿ 'ನರ' ಎಂಬುದು ಬಹಳ ಉದಾರವಾದ ಪದ. ಮುಂಗೈಯಲ್ಲಿ ನೀಲಿಯಾಗಿ ಕಾಣುವ ರಕ್ತನಾಳವೂ ನರವೇ, ಮೀನಖಂಡ ಸೆಟೆದುಕೊಂಡರೂ 'ನರ ಹಿಡಿದದ್ದೇ'. ಇಲ್ಲಿ ಹೇಳುತ್ತಿರುವುದು ಮಿದುಳುಬಳ್ಳಿಯಿಂದ ಹೊರಟು ಸ್ಪರ್ಶ ಹಾಗೂ ಚಲನೆಯ ಸಂಕೇತಗಳನ್ನು ಹೊರುವ ನರತಂತುಗಳ ವಿಷಯ ಮಾತ್ರ.

ಕತ್ತಿನ ಕೆಳಭಾಗದ ನಾಲ್ಕು ಹಾಗೂ ಎದೆಭಾಗದ ಮೊದಲನೆಯದು, ಹೀಗೆ 5 ನರಮೂಲಗಳು ಕೂಡಿ ಕವಲೊಡೆದು ಇಡೀ ತೋಳಿಗೆ ನರಗಳನ್ನು ಒದಗಿಸುತ್ತವೆ. ಬೆನ್ನೆಲುಬಿನ ಡಿಸ್ಕ್ ಉಬ್ಬಿದಾಗ ಅಥವಾ ವಯಸ್ಸಾದಂತೆ ಮೂಳೆಯ ಅಂಚು ಬೆಳೆದಾಗ ಈ ಬುಡಗಳಲ್ಲೊಂದು ಒತ್ತಡಕ್ಕೆ ಸಿಕ್ಕಿ ಕೆರಳುತ್ತದೆ. ಆರನೆಯ ಬುಡ ಕೆರಳಿದರೆ ಜೋಮು ಹೆಬ್ಬೆರಳಿನ ಕಡೆಗೆ, ಏಳನೆಯದಾದರೆ ನಡುಬೆರಳಿಗೆ, ಎಂಟನೆಯದಾದರೆ ಕಿರುಬೆರಳಿಗೆ ಇಳಿಯುವುದು ಸಾಮಾನ್ಯ. ಹೆಚ್ಚಾಗಿ ತೊಂದರೆಗೆ ಸಿಲುಕುವುದು ಏಳನೆಯದು. ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಕೆಲವರಿಗೆ ನೋವು ತಗ್ಗುತ್ತದೆ. ಬುಡದ ಮೇಲಿನ ಎಳೆತ ಸಡಿಲವಾಗುವುದೇ ಇದಕ್ಕೆ ಕಾರಣ.

ನರವೂ ಚಲಿಸುತ್ತದೆ!

ನರವೆಂದರೆ ಗೋಡೆಗೆ ಮೊಳೆ ಹೊಡೆದು ಬಿಗಿದ ವಿದ್ಯುತ್ ತಂತಿಯಲ್ಲ. ಮೊಣಕೈ ಹಾಗೂ ಮಣಿಕಟ್ಟನ್ನು ಮಡಿಸಿದ ಸ್ಥಿತಿಯಿಂದ ಪೂರ್ತಿ ಚಾಚಿದಾಗ ತೋಳಿನ ಮಧ್ಯದ ನರ ಸಾಗುವ ಹಾದಿ ಸುಮಾರು ಶೇ. 20ರಷ್ಟು ಉದ್ದವಾಗುತ್ತದೆ. ನರ ತನ್ನ ಹೊದಿಕೆಯೊಳಗೆ ಜಾರಿ, ಸ್ವಲ್ಪ ಹಿಗ್ಗಿ ಇದಕ್ಕೆ ಹೊಂದಿಕೊಳ್ಳಬೇಕು. ಆದರೆ ಅದರ ಸಹನೆಗೆ ಮಿತಿಯುಂಟು. ಮೊಲದ ಕಾಲಿನ ನರವನ್ನು ಶೇ. 8ರಷ್ಟು ಎಳೆದಾಗ ಅದರೊಳಗಿನ ರಕ್ತ ಸಂಚಾರ ಕುಂಠಿತವಾಗತೊಡಗಿ, ಶೇ. 15ರ ಹೊತ್ತಿಗೆ ನಿಂತೇ ಹೋದದ್ದನ್ನು 1973ರಲ್ಲಿ ಲುಂಡ್‌ಬೋರಿ ಹಾಗೂ ರೈಡೆವಿಕ್ ಎಂಬ ಸಂಶೋಧಕರು ತೋರಿಸಿದರು. ಕೆರಳಿ ಬಾತುಕೊಂಡ ನರಕ್ಕೆ ಅಷ್ಟು ದೂರ ಹೋಗುವುದೂ ಬೇಕಿಲ್ಲ. ಬಸ್ಸಿನ ಕಂಬಿ ಹಿಡಿಯಲು ಕೈ ಚಾಚಿದರೂ ಸಾಕು, ಚುಳುಕು ಹೊಡೆಯುತ್ತದೆ.

ಆಸ್ಟ್ರೇಲಿಯದ ಪರ್ತ್ ನಗರದ ಫಿಸಿಯೋಥೆರಪಿಸ್ಟ್ ರಾಬರ್ಟ್ ಎಲ್ವಿ ಅವರು 1979ರಲ್ಲಿ ತೋಳಿನ ನರಗಳ ಬಿಗಿತವನ್ನು ಪರೀಕ್ಷಿಸುವ ಕ್ರಮವೊಂದನ್ನು ಪ್ರಕಟಿಸಿದರು. ಅದೇ ದೇಶದ ಡೇವಿಡ್ ಬಟ್ಲರ್ ಅವರ 1991ರ ಗ್ರಂಥದಿಂದ ಈ ಪದ್ಧತಿ ಜಗತ್ತಿನ ಚಿಕಿತ್ಸಾಲಯಗಳಿಗೆ ಹರಡಿತು.

ಎರಡು ಬಗೆ

ಪೈಜಾಮದ ಲಾಡಿಯನ್ನು ನೆನೆಯಿರಿ. ಒಂದು ತುದಿಯನ್ನು ಎಳೆದು ಇನ್ನೊಂದನ್ನು ಸಡಿಲ ಬಿಟ್ಟರೆ ಲಾಡಿ ಸರಾಗವಾಗಿ ಜಾರುತ್ತದೆ. ಎರಡೂ ತುದಿಗಳನ್ನು ಒಟ್ಟಿಗೆ ಎಳೆದರೆ ಬಿಗಿಯುತ್ತದೆ. ನರಕ್ಕೂ ಹಾಗೆಯೇ. ತೋಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಚಾಚಿ, ಅಂಗೈ ಮೇಲ್ಮುಖವಾಗಿರಿಸಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವಾಗ ತಲೆಯನ್ನು ಅದೇ ಕೈಯತ್ತ ವಾಲಿಸಿದರೆ ನರ ಜಾರುತ್ತದೆ. ಇದು 'ಸ್ಲೈಡರ್'. ತಲೆಯನ್ನು ಎದುರು ದಿಕ್ಕಿಗೆ ವಾಲಿಸಿದರೆ ನರ ಬಿಗಿಯುತ್ತದೆ. ಇದು 'ಟೆನ್ಶನರ್'. ಮೃತದೇಹಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಮಣಿಕಟ್ಟಿನ ಬಳಿ ನರ ಸರಿದ ದೂರ ಸ್ಲೈಡರ್‌ನಲ್ಲಿ ಸುಮಾರು ಇಮ್ಮಡಿ ಇತ್ತು, ಎಳೆತ ಮಾತ್ರ ಬಹಳ ಕಡಿಮೆ. ಆದ್ದರಿಂದಲೇ ನೋವು ತೀವ್ರವಾಗಿರುವ ರೋಗಿಗೆ ಮೊದಲು ಸ್ಲೈಡರ್ ಕಲಿಸುವುದು ವಿವೇಕದ ಕ್ರಮ. 'ನೋವಾದಷ್ಟೂ ಒಳ್ಳೆಯದು' ಎಂಬ ವ್ಯಾಯಾಮಶಾಲೆಯ ನಂಬಿಕೆ ಇಲ್ಲಿ ಸಲ್ಲದು. ಹಿಡಿದು ನಿಲ್ಲಿಸದೆ, ಲಯಬದ್ಧವಾಗಿ ಹೋಗಿಬರುವಂತೆ ಮಾಡಬೇಕು. ಕೊಂಚ ಜುಮುಜುಮು ಎನಿಸಿ ಕೂಡಲೇ ಮರೆಯಾದರೆ ಚಿಂತೆಯಿಲ್ಲ, ಅದು ಉಳಿದುಕೊಂಡರೆ ಅತಿಯಾಗಿದೆ ಎಂದರ್ಥ.

ಇದರಿಂದ ನಿಜಕ್ಕೂ ಗುಣವಾಗುವುದೇ? ಆಸ್ಟ್ರೇಲಿಯದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನರಸಂಬಂಧಿ ಕತ್ತು-ತೋಳು ನೋವಿನ 60 ಮಂದಿ ಪಾಲ್ಗೊಂಡಿದ್ದರು. ಎಲ್ಲರಿಗೂ ನಿತ್ಯದ ಚಟುವಟಿಕೆ ನಿಲ್ಲಿಸದಿರಲು ತಿಳಿಸಲಾಯಿತು. 40 ಮಂದಿಗೆ ಎರಡು ವಾರಗಳಲ್ಲಿ 4 ಬಾರಿ ಚಿಕಿತ್ಸೆ ನೀಡಲಾಯಿತು. ಕತ್ತನ್ನು ಕೈಯಿಂದ ಮೆಲ್ಲನೆ ಪಕ್ಕಕ್ಕೆ ಸರಿಸುವುದು ಮತ್ತು ನರ ಜಾರಿಸುವ ವ್ಯಾಯಾಮ ಅದರಲ್ಲಿ ಸೇರಿದ್ದವು. ನಾಲ್ಕು ವಾರಗಳ ಹೊತ್ತಿಗೆ, ಚಿಕಿತ್ಸೆ ಪಡೆದ ಸುಮಾರು ಮೂವರಿಗೊಬ್ಬರಂತೆ ಹೆಚ್ಚುವರಿ ಸುಧಾರಣೆ ಕಂಡುಬಂತು. 2017ರ ಸಮಗ್ರ ವಿಮರ್ಶೆಯೂ ಕತ್ತು-ತೋಳು ನೋವಿನ ಮಟ್ಟಿಗೆ ಇದನ್ನು ಬೆಂಬಲಿಸಿದೆ. ಮಣಿಕಟ್ಟಿನಲ್ಲಿ ನರ ಅಮುಕುವ ಕಾರ್ಪಲ್ ಟನಲ್ ತೊಂದರೆಗೆ ಮಾತ್ರ ಅಷ್ಟು ಸ್ಪಷ್ಟ ಆಧಾರ ದೊರೆಯಲಿಲ್ಲ. ಅಮೆರಿಕದ ರೋಚೆಸ್ಟರ್‌ನಲ್ಲಿ 1976ರಿಂದ 1990ರವರೆಗಿನ 561 ರೋಗಿಗಳ ದಾಖಲೆ ಪರಿಶೀಲಿಸಿದಾಗ, ಕೊನೆಯಲ್ಲಿ ಶೇ. 90ರಷ್ಟು ಮಂದಿಗೆ ತೊಂದರೆ ಇರಲೇ ಇಲ್ಲ ಅಥವಾ ಅಲ್ಪವಿತ್ತು. ಶಸ್ತ್ರಚಿಕಿತ್ಸೆ ಬೇಕಾದದ್ದು ಸುಮಾರು ಕಾಲುಭಾಗದವರಿಗೆ. ಎಂಆರ್‌ಐ ವರದಿಯಲ್ಲಿ 'ಡಿಸ್ಕ್ ಉಬ್ಬಿದೆ' ಎಂದು ಕಂಡೊಡನೆ ಗಾಬರಿಯಾಗುವವರು ಇದನ್ನು ಗಮನಿಸಬೇಕು.

ಯಾರಿಗೆ ಸಲ್ಲದು?

ಕೈಯ ಹಿಡಿತ ದಿನೇದಿನೇ ಕುಗ್ಗುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ಎರಡೂ ಕೈಗಳು ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಮೇಲಿನ ಹತೋಟಿ ತಪ್ಪಿದರೆ ಅದು ಮಿದುಳುಬಳ್ಳಿಯೇ ಅದುಮಿದ ಸೂಚನೆಯಾಗಿರಬಹುದು. ಆಗ ವ್ಯಾಯಾಮವಲ್ಲ, ತಡಮಾಡದೆ ನರರೋಗ ತಜ್ಞರ ಭೇಟಿ ಅಗತ್ಯ. ಅಪಘಾತದ ನಂತರದ ನೋವು, ಜ್ವರ ಅಥವಾ ಕ್ಯಾನ್ಸರಿನ ಹಿನ್ನೆಲೆಯ ನೋವಿಗೂ ಇದೇ ಮಾತು. ಎದೆ ಬಿಗಿತ, ಬೆವರಿನೊಂದಿಗೆ ಎಡತೋಳು ನೋಯುತ್ತಿದ್ದರೆ ಮೊದಲು ಹೃದಯದ ಪರೀಕ್ಷೆಯಾಗಬೇಕು.

ಇನ್ನು ಕ್ಷೌರದ ನಂತರ ಕತ್ತನ್ನು ತಟ್ಟನೆ ತಿರುಗಿಸಿ ಲಟಿಕೆ ತೆಗೆಸಿಕೊಳ್ಳುವ ನಮ್ಮ ಅಭ್ಯಾಸಕ್ಕೂ ಈ ಚಿಕಿತ್ಸೆಗೂ ಯಾವ ಸಂಬಂಧವೂ ಇಲ್ಲ. ಹಾಗೆ ಜಟಕಾಯಿಸುವುದರಿಂದ ಮಿದುಳಿಗೆ ರಕ್ತ ಒಯ್ಯುವ ಕತ್ತಿನ ರಕ್ತನಾಳದ ಒಳಗೋಡೆ ಸೀಳಿ ಪಾರ್ಶ್ವವಾಯು ತಗಲುವ ಅಪಾಯವುಂಟು. ತೋಳಿಗೆ ನೋವು ಇಳಿಯುತ್ತಿರುವವರಂತೂ ಆ ಸೇವೆಯನ್ನು ನಿರಾಕರಿಸುವುದು ಕ್ಷೇಮ.