ಕ್ಯಾಟರ್‌ಬಿಲ್ಲು ಬೇಡವೆನ್ನುವ ಮೊದಲು

ಬೇಸಿಗೆ ರಜಾ ಬಂತೆಂದರೆ ಸರಿ, ಹುಡುಗರ ಕಣ್ಣೆಲ್ಲ ಸೀಬೆಮರದ ಕವಲಿನ ಮೇಲೇ! "ಅಮ್ಮಾ, ಹಳೇ ಸೈಕಲ್ ಟ್ಯೂಬು ಎಲ್ಲಿಟ್ಟಿದೀಯೇ?" ಎಂದು ಪೀಡಿಸತೊಡಗಿದರೆ ಕ್ಯಾಟರ್‌ಬಿಲ್ಲಿನ ಏರ್ಪಾಟು ನಡೆದಿದೆ ಎಂದೇ ಅರ್ಥ. ಹೆಣ್ಣುಮಕ್ಕಳೂ ಇದರಲ್ಲಿ ಹಿಂದೆ ಬಿದ್ದವರಲ್ಲ. "ಬೇಡಾಂದ್ರೆ ಬೇಡ" ಎಂದು ಗದರಿಬಿಡುವುದು ಸುಲಭ. ಆದರೆ ಬೇಡವೆಂದದ್ದನ್ನು ಮಕ್ಕಳು ನಮ್ಮ ಕಣ್ಣು ತಪ್ಪಿಸಿ ಮಾಡುತ್ತಾರೆ. ಅದಕ್ಕಿಂತ ಪಕ್ಕದಲ್ಲಿ ಕೂತು ಮಾಡಿಸಿ, ಕಟ್ಟುಪಾಡನ್ನೂ ಕಲಿಸುವುದು ಜಾಣತನವಲ್ಲವೇ?

ಜೋಳದ ಹೊಲದಲ್ಲಿ ಮಂಚಿಗೆಯ ಮೇಲೆ ನಿಂತು ಹಕ್ಕಿ ಓಡಿಸಲು ಬೀಸುವ ಕವಣೆ ಬಹಳ ಹಳೆಯದು. ಅದಕ್ಕೆ ಹಗ್ಗವೊಂದೇ ಸಾಕು. ಕ್ಯಾಟರ್‌ಬಿಲ್ಲು ಅದರ ಮುಂದೆ ಎಳೆಯ ಕೂಸು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಸೆಕೆಗೆ ಅಂಟಾಗದೆ, ಚಳಿಗೆ ಸೆಟೆಯದೆ ಉಳಿಯುವುದನ್ನು ಕಂಡುಕೊಂಡ. ಇದು ಹುಟ್ಟಿದ್ದು ಆಮೇಲೆ.

ಬೇಕಾಗುವ ಸಾಮಾನು: ಸೀಬೆ ಅಥವಾ ಹುಣಸೆಯ ಕವಲುಕೊಂಬೆ 1 (ಹೆಬ್ಬೆರಳಿನ ದಪ್ಪ, ಹಿಡಿ 4 ಅಂಗುಲ, ಕವಲು 3 ಅಂಗುಲ), ಸೈಕಲ್ ಟ್ಯೂಬಿನ ಪಟ್ಟಿ 2 (ಅರ್ಧ ಅಂಗುಲ ಅಗಲ, 9 ಅಂಗುಲ ಉದ್ದ), ಹಳೇ ಚಪ್ಪಲಿಯ ಮೆತ್ತನೆ ಚರ್ಮ 1 ತುಂಡು, ಕಟ್ಟಲು ಟ್ಯೂಬಿನ ಸಣ್ಣ ಎಳೆಗಳು.

ಮಾಡುವ ವಿಧಾನ: ಕೊಂಬೆಯ ಸಿಪ್ಪೆ ಹೆರೆದು ಎರಡು ಮೂರು ವಾರ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ. ಉಪ್ಪುಕಾಗದದಿಂದ ನುಣುಪು ಮಾಡಿ. ಎರಡೂ ಕವಲಿನ ತುದಿಯ ಕೆಳಗೆ ಸುತ್ತಲೂ ಸಣ್ಣ ಕಚ್ಚು ಹಾಕಿ, ಪಟ್ಟಿಯನ್ನು ಅದರಲ್ಲಿ ಕೂರಿಸಿ ಎಳೆಯಿಂದ ಬಿಗಿಯಾಗಿ ಸುತ್ತಿ. ಚರ್ಮದ ಎರಡು ತುದಿಗೂ ತೂತು ಮಾಡಿ, ಪಟ್ಟಿಗಳ ಇನ್ನೊಂದು ತುದಿ ತೂರಿಸಿ ಕಟ್ಟಿ. ಪಟ್ಟಿಗಳೆರಡೂ ಸಮನಾಗಿರಲಿ, ಇಲ್ಲದಿದ್ದರೆ ಗುರಿ ಸೊಟ್ಟಗಾಗುತ್ತದೆ. ಪ್ರತಿಸಲ ಆಡುವ ಮುಂಚೆ ರಬ್ಬರನ್ನು ಎಳೆದು ನೋಡಿ. ಬಿರುಕು ಕಂಡರೆ ಬದಲಾಯಿಸಿ. ಹರಿದ ರಬ್ಬರು ಎಳೆದವರ ಮುಖಕ್ಕೇ ಬಡಿಯುತ್ತದೆ.

ಇನ್ನು ಕಟ್ಟುಪಾಡು. ಕಲ್ಲು, ಗೋಲಿ ಖಂಡಿತ ಕೂಡದು. ಗುರಿ ಏನಿದ್ದರೂ ಗೋಡೆಯ ಮುಂದೆ ತೂಗುಹಾಕಿದ ಹಳೇ ತಗಡಿನ ಡಬ್ಬ. ಅದರ ಅಕ್ಕಪಕ್ಕ ಯಾರೂ ನಿಲ್ಲಬಾರದು. ಹಕ್ಕಿಗೆ ಗುರಿಯಿಡುವುದು ಪಾಪವಷ್ಟೇ ಅಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು.

ಅಕಸ್ಮಾತ್ ಯಾರ ಕಣ್ಣಿಗಾದರೂ ಪೆಟ್ಟು ಬಿದ್ದರೆ ಉಜ್ಜಬೇಡಿ, ಒತ್ತಬೇಡಿ. ಎದೆಹಾಲು, ಎಣ್ಣೆ ಏನನ್ನೂ ಬಿಡಬೇಡಿ. ಕಣ್ಣಿಗೆ ತಾಗದಂತೆ ಕಾಗದದ ಲೋಟವೊಂದನ್ನು ಮುಚ್ಚಿ, ತಕ್ಷಣ ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ಯಿರಿ. "ನೋವೇ ಇಲ್ಲಮ್ಮ" ಎಂದು ಮಗು ಹೇಳಿದರೂ ಸುಮ್ಮನಿರಬೇಡಿ. ಹೊರಗೆ ಏನೂ ಕಾಣದಿದ್ದರೂ ಒಳಪರದೆಗೆ ಪೆಟ್ಟಾಗಿರಬಹುದು. ಹೋದ ದೃಷ್ಟಿ ಮತ್ತೆ ಬಾರದು.

ಹಾಗಾದರೆ ಬಿಲ್ಲಿಗೆ ಏನು ಹಾಕಬೇಕು? ಬೀಜದುಂಡೆ! 3 ಪಾಲು ಜಿಗುಟು ಕೆಮ್ಮಣ್ಣು, 1 ಪಾಲು ಹುಡಿಗೊಬ್ಬರಕ್ಕೆ ನೀರು ಚಿಮುಕಿಸಿ ಚಪಾತಿ ಹಿಟ್ಟಿನಂತೆ ನಾದಿ. ಒಂದೊಂದು ಹುಣಸೆಬೀಜ ಇಟ್ಟು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ ನೆರಳಲ್ಲಿ ಆರಿಸಿ. ಒಣಗಿದರೆ ಇದೂ ಕಲ್ಲಿನಷ್ಟೇ ಗಟ್ಟಿ, ಹಾಗಾಗಿ ಜನವಿಲ್ಲದ ಕಡೆಗಷ್ಟೇ. ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಊರಾಚೆಯ ಬೋಳುಗುಡ್ಡಕ್ಕೆ ಮಕ್ಕಳೊಂದಿಗೆ ನೀವೂ ಹೋಗಿ. ನಾಲ್ಕು ಉಂಡೆ ನೀವೂ ಹೊಡೆದು ನೋಡಿ, ನಾಚಿಕೆ ಯಾಕೆ?